ಸವರಿಯಮ್ಮನ ಎಡಗಾಲು

ಪವಿತ್ರ ಗುರುವಾರ ಬಂತೆಂದರೆ ಅರುಳಪ್ಪನದೊಡ್ಡಿಯ ಹನ್ನೆರಡು ಮನೆಗಳ ಬಚ್ಚಲಲ್ಲಿ ಮಧ್ಯಾಹ್ನದಿಂದಲೇ ಕಲ್ಲಿಗೆ ಹಿಮ್ಮಡಿ ಉಜ್ಜುವ ಸದ್ದು ಶುರುವಾಗುತ್ತದೆ. ಅಂದು ಸಂಜೆಯ ಪೂಜೆಯಲ್ಲಿ ಫಾದರ್ ಹನ್ನೆರಡು ಜನರನ್ನು ಪೀಠದ ಮುಂದೆ ಬೆಂಚಿನ ಮೇಲೆ ಕೂರಿಸಿ, ಮಂಡಿಯೂರಿ, ಒಬ್ಬೊಬ್ಬರ ಬಲಗಾಲನ್ನೂ ತೊಳೆದು ಟವೆಲ್ಲಿನಲ್ಲಿ ಒರೆಸುತ್ತಾರೆ. ಸಾಯುವ ಹಿಂದಿನ ದಿನ ಯೇಸುಸ್ವಾಮಿ ಶಿಷ್ಯರಿಗೆ ಮಾಡಿದ್ದು ಅದನ್ನೇ. ಶಿಷ್ಯರೇನೋ ದಾರಿಯ ದೂಳು ಮೆತ್ತಿದ ಕಾಲಲ್ಲೇ ಕೂತಿದ್ದರು. ಅರುಳಪ್ಪನದೊಡ್ಡಿಯವರಿಗೆ ಅಷ್ಟು ಧೈರ್ಯ ಎಲ್ಲಿ ಬರಬೇಕು? ಫಾದರ್ ಕೈಗೆ ಕೊಳೆ ಕಾಲು ಕೊಡುವುದುಂಟೆ? ಹಾಗಾಗಿ ತೊಳೆಸಿಕೊಳ್ಳುವ ಕಾಲನ್ನು ಮನೆಯಲ್ಲೇ ಬಿಸಿನೀರು, ಸೋಪು, ಕಲ್ಲು ಹಾಕಿ ತಿಕ್ಕಿ ತೊಳೆದು, ಕೆಲವರು ಕೊಬ್ಬರಿ ಎಣ್ಣೆಯನ್ನೂ ಸವರಿಕೊಂಡು ಬರುತ್ತಾರೆ. "ನಂಗೆ ತೊಳೆಯಕೆ ಏನೂ ಉಳಿಸಿಲ್ವಲ್ಲಪ್ಪ ನೀವು" ಎಂದು ಫಾದರ್ ಜ್ಞಾನಪ್ರಕಾಶ್ ಪ್ರತಿ ವರ್ಷವೂ ರೇಗಿಸುತ್ತಿದ್ದರು. ಜನ ನಗುತ್ತಿದ್ದರು, ಮುಂದಿನ ವರ್ಷ ಇನ್ನೂ ಚೆನ್ನಾಗಿ ತೊಳೆದುಕೊಂಡು ಬರುತ್ತಿದ್ದರು.

ಈ ವರ್ಷ, ಆ ಗುರುವಾರಕ್ಕೆ ಮುಂಚಿನ ಗರಿಗಳ ಭಾನುವಾರದ ಪೂಜೆ ಮುಗಿದ ಮೇಲೆ ಉಪದೇಶಿ ಪೀಟರಪ್ಪ ಹನ್ನೆರಡು ಹೆಸರು ಓದಿದ. ಒಂಬತ್ತನೆಯದು ಸವರಿಯಮ್ಮನದು. ಮೊದಲೆಲ್ಲ ಗಂಡಸರಿಗೆ ಮಾತ್ರ ಇದ್ದ ಈ ಭಾಗ್ಯ ಜ್ಞಾನಪ್ರಕಾಶ್ ಫಾದರ್ ಬಂದ ಮೇಲೆ ಹೆಂಗಸರಿಗೂ ಸಿಕ್ಕಿತ್ತು. ಹೆಸರು ಬಂದವರು ಸಂಜೆಯೊಳಗೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಸವರಿಯಮ್ಮನ ಕೈಲಿದ್ದ ತೆಂಗಿನ ಗರಿ ಮಾತ್ರ ಜಾರಿ ನೆಲಕ್ಕೆ ಬಿತ್ತು. ಪಕ್ಕದವಳು ಎತ್ತಿಕೊಟ್ಟು, "ಏನಮ್ಮಿ, ಸಂತೋಸ ತಡಿಯಕಾಗ್ನಿಲ್ವಾ?" ಎಂದಳು. ಸವರಿಯಮ್ಮ ಹಲ್ಲು ಕಾಣುವಂತೆ ನಕ್ಕಳು. ಒಂದೂವರೆ ವರ್ಷದಿಂದ ಅವಳು ಗಂಡನಿಗೂ ಹೇಳದೆ ಬಚ್ಚಿಟ್ಟುಕೊಂಡು ಬಂದಿದ್ದ ಸಂಗತಿ ಅವಳ ಕಾಲಿನಲ್ಲೇ ಇತ್ತು.

ಹನೂರಿನಿಂದ ಒಡೆಯರಪಾಳ್ಯದ ಕಡೆ ಹೋಗುವ ಬಸ್ಸಿನಿಂದ ಇಳಿದು ಅರ್ಧ ಗಂಟೆ ನಡೆದರೆ ಸಿಗುವ ಊರು ಅರುಳಪ್ಪನದೊಡ್ಡಿ. ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ಕನ್ನಡ, ಜಗಳ ಎರಡರಲ್ಲೂ. ಸವರಿಯಮ್ಮನಿಗೆ ನಲವತ್ತೇಳು. ಗಂಡ ಚಿನ್ನಪ್ಪ ಗಾರೆ ಕೆಲಸದವನು, ವಾರವಿಡೀ ಕೊಳ್ಳೇಗಾಲದಲ್ಲಿದ್ದು ಶನಿವಾರ ಬರುತ್ತಾನೆ. ಒಬ್ಬಳೇ ಮಗಳು ರೀಟಾಳನ್ನು ಯಳಂದೂರಿಗೆ ಕೊಟ್ಟಿದೆ. ಸವರಿಯಮ್ಮ ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅಲ್ಲಿನ ಮುಖ್ಯ ಅಡುಗೆಯವಳು ರಂಗಮ್ಮ. ಬಾಯಿ ಜೋರು, ಕೈ ಇನ್ನೂ ಜೋರು. ಮಕ್ಕಳದೆಲ್ಲ ಆದ ಮೇಲೆ ಇಬ್ಬರೂ ಅಡುಗೆಮನೆಯ ಹೊಸ್ತಿಲಲ್ಲಿ ಅಕ್ಕಪಕ್ಕ ಕೂತು ಊಟ ಮಾಡುವುದು ವಾಡಿಕೆ. ಸವರಿಯಮ್ಮ ತಂದ ಉಪ್ಪಿನಕಾಯಿಗೆ ರಂಗಮ್ಮ ಕೇಳದೆಯೇ ಕೈ ಹಾಕುತ್ತಿದ್ದಳು. ಒಡಹುಟ್ಟಿದವರೂ ಹಾಗೆ ಒಂದೇ ತಟ್ಟೆಗೆ ಕೈ ಹಾಕುವುದು ಅಪರೂಪ.

ಒಂದೂವರೆ ವರ್ಷದ ಹಿಂದೆ, ದಸರಾ ರಜೆ ಮುಗಿದು ಶಾಲೆ ತೆರೆದ ವಾರ, ಸಾರಿನ ದಬರಿ ಇಳಿಸುವಾಗ ಒಂದು ಸೌಟಿನಷ್ಟು ಸಾರು ಚೆಲ್ಲಿತು. ಸವರಿಯಮ್ಮ ದಬರಿಯನ್ನು ಸರಿಯಾಗಿ ಕೂರಿಸಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

"ಅಯ್ಯೋ ನಿನ್ನ! ಕಾಲ್ ಮ್ಯಾಲೆ ಸಾರು ಬಿದ್ದದೆ ಕಣೆ! ನಿಂತ್ಕಂಡು ನೋಡ್ತಾ ಇದ್ದೀಯಲ್ಲ!" ಎಂದು ರಂಗಮ್ಮ ಕೂಗಿಕೊಂಡಳು.

ಸವರಿಯಮ್ಮ ಬಗ್ಗಿ ನೋಡಿದಳು. ಎಡಗಾಲಿನ ಮೇಲೆ ಬೇಳೆ, ಕರಿಬೇವು, ಹೊಗೆಯಾಡುವ ಸಾರು. ಆಮೇಲೆ, ಚೀರಬೇಕಲ್ಲ ಎಂದು ಹೊಳೆದು, ಚೀರಿದಳು.

ಅಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನೋಡಿದರೆ ಸುಟ್ಟ ಕೆಂಪಿನ ಪಕ್ಕ, ಗಿಣ್ಣಿನ ಕೆಳಗೆ ವೀಳ್ಯದೆಲೆಯಷ್ಟು ಅಗಲಕ್ಕೆ ಚರ್ಮ ಮಾಸಿ ಬೆಳ್ಳಗಾಗಿತ್ತು, ಅಲ್ಲಿ ಒಂದು ಕೂದಲೂ ಇರಲಿಲ್ಲ. ಪಿನ್ನಿನಿಂದ ಚುಚ್ಚಿದಳು. ರಕ್ತ ಬಂತು, ನೋವು ಬರಲಿಲ್ಲ. ಬೇರೆಯವಳಾಗಿದ್ದರೆ ಏನೋ ಹುಳುಕಡ್ಡಿ ಇರಬೇಕು ಎಂದು ಮುಲಾಮು ಹಚ್ಚಿ ಸುಮ್ಮನಾಗುತ್ತಿದ್ದಳು. ಸವರಿಯಮ್ಮನಿಗೆ ಅದರ ಹೆಸರು ಗೊತ್ತಿತ್ತು. ಊರಿನವರು ಅದನ್ನು ದೊಡ್ಡರೋಗ ಎನ್ನುತ್ತಿದ್ದರು. ಕುಷ್ಠ ಎಂಬ ಮಾತನ್ನು ಬಾಯಲ್ಲಿ ಆಡಿದರೂ ಅಂಟುತ್ತದೆ ಎಂಬ ನಂಬಿಕೆ.

ಅವಳ ಅಪ್ಪನ ಅಕ್ಕ ಮದಲೇನತ್ತೆಗೆ ಅದು ಬಂದಿತ್ತು. ಹೊಲದ ಅಂಚಿನಲ್ಲಿ ಹುಣಸೆಮರದ ಕೆಳಗೆ ಗುಡಿಸಲು ಹಾಕಿ ಅತ್ತೆಯನ್ನು ಅಲ್ಲಿ ಬಿಟ್ಟಿದ್ದರು. ಔಷಧಿ ಆಗಲೇ ಬಂದಿತ್ತಂತೆ. ಕರೆದುಕೊಂಡು ಹೋಗುವವರು ಒಬ್ಬರು ಬೇಕಿತ್ತು, ಇಡೀ ಊರಿನಲ್ಲಿ ಆ ಒಬ್ಬರು ಹುಟ್ಟಿರಲಿಲ್ಲ. ಊಟ ಒಯ್ಯುವ ಕೆಲಸ ಎಂಟು ವರ್ಷದ ಸವರಿಯಮ್ಮನದು. ತಟ್ಟೆಯನ್ನು ನೆಲದ ಮೇಲಿಟ್ಟು ಕೋಲಿನಿಂದ ಮುಂದಕ್ಕೆ ತಳ್ಳಬೇಕು, ಹತ್ತಿರ ಹೋಗಕೂಡದು ಎಂದು ಅವ್ವ ಹೇಳಿಕೊಟ್ಟಿದ್ದಳು. "ಬಂದ್ಯಾ ನನ್ ಕಂದ? ಅಲ್ಲೇ ಇಡು, ಬರಬ್ಯಾಡ ಹತ್ರ" ಎಂದು ಒಳಗಿನಿಂದ ಅತ್ತೆಯೂ ಹೇಳುತ್ತಿದ್ದಳು. ಒಂದು ದಿನ ಮಾತ್ರ ಅತ್ತೆ ಹೊರಗೆ ಕೂತಿದ್ದಳು. ಮಡಿಲಲ್ಲಿ ತುಂಬೆ ಹೂವಿತ್ತು. ಹುಡುಗಿಯ ಜಡೆಗೆ ಮುಡಿಸಲೆಂದೋ ಏನೋ, ಬೆರಳು ಸವೆದ ಕೈಯನ್ನು ಮುಂದೆ ಚಾಚಿದಳು. ಹುಡುಗಿ ಕೋಲು ಬೀಸಿ ಆ ಕೈಗೆ ಹೊಡೆದು ಓಡಿಬಂದಳು. ಅತ್ತೆ ಯಾರಿಗೂ ಹೇಳಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡಳು. ಸವರಿಯಮ್ಮ ಎಷ್ಟೋ ಪಾಪಗಳನ್ನು ಫಾದರ್ ಕಿವಿಗೆ ಹಾಕಿದ್ದಾಳೆ, ಈ ಒಂದನ್ನು ಹಾಕಿಲ್ಲ.

ಈಗ ಆ ಕೋಲು ತನ್ನ ಕಡೆ ತಿರುಗಿದೆ ಎಂದುಕೊಂಡಳು. ದೇವರು ಮೇಲೆ ಕೂತು ನಲವತ್ತು ವರ್ಷ ಕಾದು, ಸರಿಯಾಗಿ ಲೆಕ್ಕ ತೀರಿಸುತ್ತಿದ್ದಾನೆ. ಗೊತ್ತಾದ ದಿನ ಕೆಲಸ ಹೋಗುತ್ತದೆ. ದೊಡ್ಡರೋಗದವಳ ಕೈಯಡುಗೆಯನ್ನು ಯಾರ ಮಕ್ಕಳು ಉಣ್ಣುತ್ತಾರೆ? ಕೆಲಸ ಹೋದರೆ ಹೋಗಲಿ, ಇನ್ನೊಂದು ಸಿಕ್ಕೀತು. ತಟ್ಟೆ ತಳ್ಳಿಸಿಕೊಂಡು ಬದುಕುವುದು ಹೇಗೆ? ಜಪಸರ ಹಿಡಿದು ಕೂತರೂ ಬರುತ್ತಿದ್ದದ್ದು ಒಂದೇ ಪ್ರಾರ್ಥನೆ: ಯಾರ ಕಣ್ಣಿಗೂ ಬೀಳದಿರಲಿ. ಎಲ್ಲವನ್ನೂ ನೋಡುವ ದೇವರ ಹತ್ತಿರ, ಸ್ವಾಮಿ ನೀನೂ ನೋಡಬೇಡ ಎಂದು ಬೇಡಿಕೊಂಡಂತೆ.

ಅಂದಿನಿಂದ ಶುರುವಾಯಿತು ಮುಚ್ಚುಮರೆ. ಒಡೆಯರಪಾಳ್ಯದ ಟಿಬೆಟಿನವರ ಅಂಗಡಿಯಿಂದ ಉಣ್ಣೆಯ ಕಾಲುಚೀಲ ತಂದು ಹಾಕಿಕೊಂಡಳು. ಚಳಿಗಾಲ ಕಳೆಯಿತು, ಬೇಸಿಗೆ ಬಂತು, ಕಾಲುಚೀಲ ಇಳಿಯಲಿಲ್ಲ. "ಊಟಿಯಿಂದ ಬಂದವ್ಳೆ ನಮ್ ದೊರೆಸಾನಿ" ಎಂದು ರಂಗಮ್ಮ ಆಡಿಕೊಂಡಳು. ಶೀತ ಕಣಕ್ಕ, ನರದ ತೊಂದರೆ ಎಂದು ಇವಳು ಏನೇನೋ ಹೇಳಿದಳು. ಒಂದು ಸಂಜೆ ಶಾಲೆಯಿಂದ ಮನೆಗೆ ಬಂದು ನೋಡಿದರೆ ಎಡಗಾಲಿನ ಚಪ್ಪಲಿಯೇ ಇಲ್ಲ. ಎಲ್ಲಿ ಕಳಚಿತೋ, ಎಷ್ಟು ದೂರ ಬರಿಗಾಲಲ್ಲಿ ನಡೆದಳೋ ಅವಳಿಗೇ ತಿಳಿಯದು. ಕಾಲುಚೀಲ ಹರಿದು ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತ್ತು. ಕತ್ತಲಾಗುವ ಮುಂಚೆ ವಾಪಸ್ಸು ಹೋಗಿ, ತಗ್ಗಿಸಿದ ತಲೆ ಎತ್ತದೆ ಹುಡುಕುತ್ತ ಹೋಗಿ, ಮೋರಿಯ ಹತ್ತಿರ ಬಿದ್ದಿದ್ದ ಚಪ್ಪಲಿ ತಂದಳು. ತನ್ನ ಕಾಲು ತನಗೇ ಸುಳ್ಳು ಹೇಳಲು ಶುರುಮಾಡಿದೆ ಎನ್ನಿಸಿ ದಾರಿಯುದ್ದಕ್ಕೂ ಅತ್ತಳು.

ಜನವರಿಯಲ್ಲಿ ಆಶಾ ಕಾರ್ಯಕರ್ತೆ ಕೋಮಲ ಮನೆಮನೆಗೂ ಬಂದು, "ಅತ್ತೆ, ಮೈ ಮ್ಯಾಲೆ ಎಲ್ಲಾರ ಸ್ಪರ್ಶ ಇಲ್ದಿರೋ ಮಚ್ಚೆ ಅದಾ? ಇದ್ರೆ ಯೋಳಿ, ಮಾತ್ರೆ ಬಿಟ್ಟಿ ಕೊಡ್ತಾರೆ, ವಾಸಿ ಆಯ್ತದೆ" ಎಂದು ಕೇಳಿದಳು. ಸವರಿಯಮ್ಮ ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಂಡು, "ನಮ್ಮನೇಲಿ ಅಂತಾದ್ದೇನೂ ಇಲ್ಲ ಕಣವ್ವ" ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ಎಲ್ಲಕ್ಕಿಂತ ಸುಟ್ಟದ್ದು ಮೊಮ್ಮಗಳ ವಿಷಯ. ರೀಟಾಳ ಮಗು ಪ್ರಿನ್ಸಿಗೆ ಎರಡು ವರ್ಷ. ಅಜ್ಜಿಯನ್ನು ಕಂಡರೆ ಕೈ ಚಾಚುತ್ತದೆ. ಅಜ್ಜಿ ಮಾತ್ರ ಒಲೆ ಉರೀತಿದೆ, ಕೈ ಹಿಟ್ಟಾಗಿದೆ ಎಂದು ನೆಪ ಹೇಳಿ ಎತ್ತಿಕೊಳ್ಳುವುದಿಲ್ಲ. ರೀಟಾ ಒಂದು ಸಲ ಮುಖ ಊದಿಸಿಕೊಂಡು, "ಗಂಡುಮಗು ಆಗಿದ್ರೆ ಎತ್ಕತಿದ್ಯೇನೋ" ಎಂದಳು. ಅದಕ್ಕೂ ಸವರಿಯಮ್ಮ ಹಿಟ್ಟು ನಾದುತ್ತಲೇ ಇದ್ದಳು.

ಹೆಸರು ಓದಿದ ಮಾರನೆಯ ದಿನವೇ ಅವಳು ಫಾದರ್ ಹತ್ತಿರ ಹೋದಳು. ಜ್ಞಾನಪ್ರಕಾಶ್ ಕೊಳ್ಳೇಗಾಲದ ಕಡೆಯವರು. ಅರವತ್ತು ದಾಟಿತ್ತು, ಎರಡು ಮಂಡಿಯೂ ಊದಿಕೊಂಡಿದ್ದವು.

"ಫಾದರ್, ನನ್ ಹೆಸರು ತಗದ್ಬುಡಿ. ಮಂಡಿ ನೋವು, ಬೆಂಚ್ ಮ್ಯಾಲೆ ಕೂರಕಾಗಲ್ಲ."

"ನಿಂಗೆ ಕೂರೋಕೆ ಕಷ್ಟ, ನಂಗೆ ಮಂಡಿ ಊರೋಕೆ ಕಷ್ಟ. ಇಬ್ರೂ ಹೆಂಗೋ ನಿಭಾಯ್ಸೋಣ ಬಾ" ಎಂದು ಅವರು ನಕ್ಕರು. ಅವಳು ನಗದೆ ಸೆರಗಿನ ತುದಿ ತಿರುಚುತ್ತಿದ್ದುದನ್ನು ನೋಡಿ, "ಬೇರೆ ಏನಾರ ಇದ್ರೆ ಹೇಳು ಸವರಿಯಮ್ಮ" ಎಂದರು. ಏನೂ ಇಲ್ಲ ಎಂದು ಅವಳು ಓಡಿದಂತೆಯೇ ಹೊರಟಳು. ಗುರುವಾರದ ಹೊತ್ತಿಗೆ ಯಳಂದೂರಿಗೆ ಮಗಳ ಮನೆಗೆ ಹೋಗಿಬಿಡೋಣವೆಂದರೆ, ಮಗಳೇ ಹಬ್ಬಕ್ಕೆ ಇಲ್ಲಿಗೆ ಬರುತ್ತಿದ್ದಾಳೆ. ಕೊನೆಗೆ ಸಮಾಧಾನ ತಂದುಕೊಂಡಳು. ತೊಳೆಯುವುದು ಬಲಗಾಲು ತಾನೆ, ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತರಾಯಿತು.

ಗುರುವಾರ ಮಧ್ಯಾಹ್ನ ಮೂರೂವರೆ ಗಂಟೆಗೆ ಶಾಲೆಯಿಂದ ಬಂದವಳು ಒಲೆ ಹಚ್ಚಿ ಕಾಯಿಸಿದ ನೀರನ್ನು ಹಾಗೆಯೇ ಬೇಸಿನ್ನಿಗೆ ಸುರಿದುಕೊಂಡು ಬಚ್ಚಲಲ್ಲಿ ಕೂತಳು. ಎಲ್ಲರೂ ಮಾಡುವುದನ್ನೇ ಅವಳೂ ಮಾಡುತ್ತಿದ್ದಳು. ಮನಸ್ಸು ಮಾತ್ರ ಬೆಂಚಿನ ಮೇಲಿತ್ತು. ಹೇಗೆ ಕೂರಬೇಕು, ಸೀರೆಯನ್ನು ಎಷ್ಟು ಇಳಿಬಿಡಬೇಕು, ಹತ್ತನೆಯ ಹೆಸರಿನ ಲಾಜರಪ್ಪ ಪಕ್ಕದಲ್ಲಿ ಕೂತರೆ ಅವನ ಕಣ್ಣು ಎಲ್ಲಿಗೆ ಬೀಳುತ್ತದೆ. ಹೀಗೆ ಯೋಚಿಸುತ್ತ ಎಡಗಾಲು ಇಟ್ಟಳು. ನೀರು ಉಗುರುಬೆಚ್ಚಗೂ ಇಲ್ಲ ಎನ್ನಿಸಿತು. ಸೋಪು ಹುಡುಕಿದಳು, ಕಲ್ಲನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಬಲಗಾಲನ್ನೂ ಇಟ್ಟಳು.

ಇಟ್ಟವಳು ಕಿರುಚಿಕೊಂಡು ತೆಗೆದಳು. ನೀರು ಕುದಿಯುವಷ್ಟು ಬಿಸಿಯಿತ್ತು. ಎಡಗಾಲು ಇನ್ನೂ ಅದರೊಳಗೇ ಇತ್ತು.

ಅವಳು ಕೈಯಿಂದ ಎತ್ತಿ ತೆಗೆದಳು, ಬೇರೆ ಯಾರದೋ ಕಾಲನ್ನು ಎತ್ತಿದ ಹಾಗೆ. ನೋಡುತ್ತಿದ್ದಂತೆ ಪಾದ ಕೆಂಪಾಗಿ, ಬೆರಳುಗಳ ಮೇಲೆ ಬೊಬ್ಬೆ ಏಳತೊಡಗಿತು. ಒಂಚೂರೂ ನೋವಿಲ್ಲ. ನೋವಿಲ್ಲದ್ದಕ್ಕೇ ಅವಳಿಗೆ ಜೀವ ಹಾರಿಹೋಯಿತು. ಮಗಳು ಸಂಜೆಯ ಬಸ್ಸಿಗೆ ಬರುವವಳು, ಗಂಡ ಹಬ್ಬಕ್ಕೆಂದು ಕೊಳ್ಳೇಗಾಲದಿಂದ ನೇರ ಗುಡಿಯ ಹತ್ತಿರ ಬರುವವನು, ಮನೆಯಲ್ಲಿ ಯಾರೂ ಇಲ್ಲ. ಹೋಗದೆ ಇದ್ದರೆ ಪೀಟರಪ್ಪ ಹುಡುಕಿಕೊಂಡು ಮನೆಗೇ ಬರುತ್ತಾನೆ. ಹಳೆ ಪಂಚೆ ಹರಿದು ಪಾದಕ್ಕೆ ಸುತ್ತಿ, ಮೇಲೆ ಕಾಲುಚೀಲವೂ ಹಿಡಿಸದೆ, ಸೀರೆಯನ್ನು ಇಳಿಬಿಟ್ಟು ಉಟ್ಟು, ಕುಂಟದಂತೆ ನಡೆಯಲು ಪ್ರಯತ್ನಪಡುತ್ತ ಹೋದಳು. ಅದೇನೂ ಕಷ್ಟವಾಗಲಿಲ್ಲ. ನೋಯದ ಕಾಲಿಗೆ ಕುಂಟುವ ಅಗತ್ಯವಿಲ್ಲ.

ಬೆಂಚಿನ ಮೇಲೆ ಒಂಬತ್ತನೆಯವಳಾಗಿ ಕೂತಳು. ಗಾಯನದ ಹುಡುಗಿಯರು ಹಾಡು ಶುರುಮಾಡಿದರು. ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿ, ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದಕ್ಕೆ ಮಂಡಿಯಲ್ಲೇ ತೆವಳಿಕೊಂಡು ಬಂದರು. ಅವಳ ಬಲಗಾಲಿಗೆ ಚೊಂಬಿನಿಂದ ತಣ್ಣೀರು ಬಿತ್ತು. ಒರೆಸಿದರು. ಮುಗಿಯಿತು ಎಂದು ಅವಳು ಉಸಿರು ಬಿಟ್ಟಳು. ಫಾದರ್ ಏಳಲಿಲ್ಲ. ಸೀರೆಯ ಅಂಚಿನ ಕೆಳಗಿನ ನೆಲವನ್ನು ನೋಡುತ್ತಿದ್ದರು. ಬೊಬ್ಬೆ ಒಡೆದು, ಪಂಚೆಯ ಚೂರಿನಿಂದ ಕೆಂಪು ನೀರು ಇಳಿದು ಹಾಸುಗಲ್ಲಿನ ಮೇಲೆ ಹರಿದಿತ್ತು.

"ಆ ಕಾಲಿಗೆ ಏನಾಯ್ತು?" ಎಂದು ಹಾಡಿನ ಸದ್ದಿನಲ್ಲಿ ಅವಳಿಗೆ ಮಾತ್ರ ಕೇಳುವಂತೆ ಕೇಳಿದರು.

"ಏನಿಲ್ಲ. ನೀರು ಚೆಲ್ತು."

"ಆ ಕಡೆ ನಾನು ನೀರೇ ಹಾಕ್ಲಿಲ್ವಲ್ಲ."

ಅವರ ಕೈ ಅತ್ತ ಸರಿದದ್ದು ಕಂಡು ಅವಳು ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡಳು. "ಮುಟ್ಟಬ್ಯಾಡಿ ಫಾದರ್! ನಮ್ ಮದಲೇನತ್ತೆಗೆ ಬಂದಿತ್ತಲ್ಲ, ಆ ದೊಡ್ಡರೋಗ ಅದು." ಒಂದೂವರೆ ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು, ಎಲ್ಲಿ ಬರಬಾರದೋ ಅಲ್ಲಿಯೇ ಬಂದುಬಿಟ್ಟಿತು. ಪಕ್ಕದಲ್ಲಿದ್ದ ಲಾಜರಪ್ಪ ತಿರುಗಿ ನೋಡಿದ.

ಫಾದರ್ ಹಿಂದಕ್ಕೆ ಸರಿಯಲಿಲ್ಲ, ಮುಂದಕ್ಕೂ ಬರಲಿಲ್ಲ. "ಭಯ ಆದ್ರೆ ಬೇಡ. ನಾನಾಗೇ ಮುಟ್ಟಲ್ಲ. ನೀನು ಕೊಟ್ರೆ ತಗೋತೀನಿ. ಇಲ್ಲೇ ಇರ್ತೀನಿ" ಎಂದು, ಅಂಗೈ ಮೇಲೆ ಮಾಡಿ, ಅವಳ ಕಾಲಿನ ಮುಂದೆ ಕಲ್ಲಿನ ಮೇಲೆ ಇಟ್ಟರು.

ಹಾಡು ಮುಗಿಯಿತು. ಹುಡುಗಿಯರು ಮುಖ ಮುಖ ನೋಡಿಕೊಂಡು ಮತ್ತೆ ಮೊದಲಿನಿಂದ ಹಾಡಿದರು. ಮುದುಕನ ಊದಿದ ಮಂಡಿ ನಡುಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಏಳಿ ಫಾದರ್, ಜನ ನೋಡ್ತಾರೆ ಎಂದಳು. ಅವರು ಏಳಲಿಲ್ಲ. ಅವರ ತಲೆಯ ಮೇಲಿನಿಂದ, ಪೀಠದ ಹಿಂದಿನ ಶಿಲುಬೆ ನೇರ ಕಾಣುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಶಿಲುಬೆ. ಯಾವಾಗಲೂ ಸ್ವಾಮಿಯ ಮುಖಕ್ಕೆ ಹೆದರಿ ತಲೆ ತಗ್ಗಿಸಿದವಳು ಇವತ್ತು ಕಾಲುಗಳನ್ನು ನೋಡಿದಳು. ಎರಡಕ್ಕೂ ಗಾಯ, ಎರಡರಿಂದಲೂ ರಕ್ತ. ಬಟ್ಟೆ ಸುತ್ತಿ ಮುಚ್ಚಿರಲಿಲ್ಲ.

ದೇವರ ಶಕ್ತಿ ಎಂದರೆ ಅವಳಿಗೆ ಅಲ್ಲಿಯವರೆಗೆ ಬೀಸುವ ಕೋಲು. ಆ ಕೋಲಿನ ಏಟಿಗೆ ಒಂದೂವರೆ ವರ್ಷದಿಂದ ಬೆನ್ನು ಬಗ್ಗಿಸಿ ಕಾಯುತ್ತಿದ್ದಳು. ಏಟು ಬೀಳಲೇ ಇಲ್ಲ. ಎಳೆಯದೆ, ಬಯ್ಯದೆ, ಎದ್ದೂ ಹೋಗದೆ ಒಂದು ಅಂಗೈ ಕಾಯುತ್ತಿತ್ತು. ಅಂಥ ಕೈಯನ್ನು ಅವಳು ಹಿಂದೆ ಒಮ್ಮೆ ನೋಡಿದ್ದಳು, ಹುಣಸೆಮರದ ಕೆಳಗೆ, ತುಂಬೆ ಹೂವಿನೊಂದಿಗೆ. ಅದಕ್ಕೆ ಹೊಡೆದು ಓಡಿದ್ದಳು. ಇನ್ನೊಂದು ಸಲ ಓಡುವ ಶಕ್ತಿ ಅವಳಲ್ಲಿರಲಿಲ್ಲ. ಅಳು ಒತ್ತರಿಸಿಕೊಂಡು ಬಂತು. ಬಗ್ಗಿ ತಾನೇ ಬಟ್ಟೆ ಬಿಚ್ಚಿ, ಚರ್ಮ ಸುಲಿದ ಎಡಗಾಲನ್ನು ಆ ಕೈಮೇಲೆ ಇಟ್ಟಳು.

ಅವರು ಮುಟ್ಟಿದ್ದು ಅವಳಿಗೆ ತಿಳಿಯಲಿಲ್ಲ, ಕಣ್ಣಿಗೆ ಕಂಡಿತು ಅಷ್ಟೇ. ಚೊಂಬಿನ ಮೇಲೆ ಚೊಂಬು ತಣ್ಣೀರು ಹೊಯ್ದರು. ಸಾಲದೆ ಪೀಟರಪ್ಪನ ಕೈಲಿ ಬೋರಿನಿಂದ ಒಂದು ಬಕೆಟ್ ತರಿಸಿ ಅದನ್ನೂ ಹೊಯ್ದರು. ಒರೆಸದೆ, ಒದ್ದೆ ಟವೆಲ್ಲನ್ನು ಹಗುರವಾಗಿ ಹೊದಿಸಿದರು. ಅಷ್ಟರಲ್ಲಿ ಪಿಸುಮಾತು ಹಿಂದಿನ ಬಾಗಿಲವರೆಗೆ ಹೋಗಿತ್ತು. ಲಾಜರಪ್ಪ ಚಪ್ಪಲಿ ಹುಡುಕಿಕೊಂಡು ಎದ್ದು ಹೋದ. ಉಳಿದಿಬ್ಬರು ಬೇರೆ ಬೇಸಿನ್, ಬೇರೆ ಟವೆಲ್ ಬಂದ ಮೇಲೆ ಕಣ್ಣು ಮುಚ್ಚಿಕೊಂಡು ಕಾಲು ಕೊಟ್ಟರು. ಆ ವರ್ಷ ಅರುಳಪ್ಪನದೊಡ್ಡಿಯಲ್ಲಿ ಹನ್ನೊಂದೇ ಶಿಷ್ಯರು. ಯೇಸುಸ್ವಾಮಿಯ ಹನ್ನೆರಡರಲ್ಲೂ ಒಬ್ಬ ಆ ರಾತ್ರಿ ಎದ್ದುಹೋಗಿದ್ದ, ಹೊಸದೇನೂ ಅಲ್ಲ ಬಿಡಿ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಹೇಳುವವರ ಬಾಯಿಗೆ ಹುಳ ಬೀಳಬೇಕು. ಗುಡಿಯ ಹೊರಗೆ ಜನ ಅವಳಿಗೆ ದಾರಿ ಬಿಟ್ಟರು, ಮರ್ಯಾದೆಗಲ್ಲ. ಚಿನ್ನಪ್ಪ ಮುಂದೆ ಮುಂದೆ ನಡೆದು, ಮನೆಗೆ ಬಂದು ಚಾಪೆಯನ್ನು ಜಗುಲಿಗೆ ಎಳೆದುಕೊಂಡ. ರೀಟಾ ಬಸ್ಸಿಳಿದು ಬರುವಷ್ಟರಲ್ಲೇ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಬಾಗಿಲಲ್ಲೇ ನಿಂತು ಮಗುವನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಳು. ಬೇಕೆಂದು ಮಾಡಿದ್ದಲ್ಲ, ಅವಳ ಕೈ ತಾನಾಗಿ ಹಾಗೆ ಮಾಡಿತು. ಆಮೇಲೆ, "ಅದಕ್ಕೇನಾ ನೀನು ಪ್ರಿನ್ಸಿನ ಎತ್ಕತಿರ್ನಿಲ್ಲ?" ಎಂದು ಕೇಳಿ ಗೋಡೆಗೆ ಒರಗಿ ಅತ್ತಳು. ಸವರಿಯಮ್ಮ ಹೂಂ ಎಂದಳು. ಆ ಕೈ ಒತ್ತಿ ಹಿಡಿದದ್ದು ಮಾತ್ರ ಅವಳಿಗೆ ಸುಟ್ಟಗಾಯದ ಹಾಗೆ ಉಳಿಯಿತು.

ಫಾದರ್ ಫೋನ್ ಮಾಡಿದ್ದರಿಂದ ಶನಿವಾರ ಬೆಳಗ್ಗೆ ಕೋಮಲ ಬಂದಳು. "ನಾನ್ ಕೇಳ್ದಾಗ ಮಜ್ಗೆ ಕೊಟ್ಟು ಕಳಿಸಿದ್ರಲ್ಲ ಅತ್ತೆ" ಎಂದು ಬೈದು, ಕೈ ಹಿಡಿದು ಆಟೋ ಹತ್ತಿಸಿದಳು. ಹನೂರು ಬೇಡ, ಗುರುತಿನವರು ಇರ್ತಾರೆ ಎಂದು ಸವರಿಯಮ್ಮ ಹಟ ಮಾಡಿದ್ದಕ್ಕೆ ಕೊಳ್ಳೇಗಾಲಕ್ಕೇ ಹೋದರು. ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಅಲ್ಲಿ ಇಲ್ಲಿ ಮುಟ್ಟಿ, ಎಲ್ಲಿ ಮುಟ್ಟಿದೆ ಹೇಳಿ ಎಂದರು. ಎಡಪಾದದಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಬೆನ್ನಿನ ಮೇಲೆ ಅವಳಿಗೇ ಗೊತ್ತಿಲ್ಲದ ಮಚ್ಚೆಗಳು ಸಿಕ್ಕವು. 'ಹನ್ನೆರಡು ತಿಂಗಳು ಮಾತ್ರೆ. ಶುರು ಮಾಡಿದ ಮೇಲೆ ನಿಮ್ಮಿಂದ ಯಾರಿಗೂ ಅಂಟುವ ಭಯವಿಲ್ಲ. ಮನೆಯವರೆಲ್ಲ ಒಂದೊಂದು ಮಾತ್ರೆ ತಗೊಳ್ಳಲಿ. ಕಾಯಿಲೆ ಪೂರ್ತಿ ಹೋಗುತ್ತೆ. ಕಾಲಿಗೆ ಹೋಗಿರುವ ಸ್ಪರ್ಶ ವಾಪಸ್ ಬರುತ್ತೆ ಅಂತ ಮಾತ್ರ ನಾನು ಹೇಳಲ್ಲ' ಎಂದರು. ಜನವರಿಯಲ್ಲೇ ಬಂದಿದ್ದರೆ ಎಂದು ಅವರು ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಸವರಿಯಮ್ಮನೇ ಅದನ್ನು ನೂರು ಸಲ ಕೇಳಿಕೊಂಡಳು.

ಈಸ್ಟರ್ ಕಳೆದು ಸೋಮವಾರ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಹಿಡಿದು ಶಾಲೆಗೆ ಹೋದಳು. ಹೋಗಬೇಡ ಎಂದು ರೀಟಾ ಬೇಡಿಕೊಂಡಳು. ಸವರಿಯಮ್ಮನಿಗೂ ಭಯ ಹೋಗಿರಲಿಲ್ಲ. ದಾರಿಯಲ್ಲಿ ಹಳೆಯ ಪ್ರಾರ್ಥನೆ ನಾಲಿಗೆಗೆ ಬಂತು, ಯಾರ ಕಣ್ಣಿಗೂ ಬೀಳದಿರಲಿ ಎಂಬುದು. ಅದನ್ನು ಅರ್ಧಕ್ಕೇ ಬಿಟ್ಟು, "ಸ್ವಾಮಿ, ನೀನು ನೋಡ್ತಾ ಇರು" ಎಂದಳು.

ಹೆಡ್‌ಮಾಸ್ಟರ್ ಶಿವಕುಮಾರಸ್ವಾಮಿ ಒಳ್ಳೆಯವರೇ. ಚೀಟಿ ಓದಿ, "ಕೆಲಸ ಮಾಡಬೋದು ಅಂತ ಬರೆದವ್ರೆ, ಸರಿ. ಆದ್ರೆ ಮಕ್ಳ ತಂದೆತಾಯ್ಗಳು ಬೆಳಿಗ್ಗೆನೇ ಬಂದು ಗಲಾಟೆ ಮಾಡೋದ್ರು. ಆಸ್ಪತ್ರೆಯವರು ಬಂದು ಎಲ್ರಿಗೂ ತಿಳಿಸಿ ಹೇಳೋಗಂಟ ಒಲೆ ಹತ್ರ ಬ್ಯಾಡಮ್ಮ. ಸೈನ್ ಹಾಕಿ ಹೊರಗೆ ಕೂತಿರಿ" ಎಂದರು. ಆಸ್ಪತ್ರೆಯವರು ಯಾವಾಗ ಬರುತ್ತಾರೆ ಎಂದು ಅವರಿಗೂ ಗೊತ್ತಿರಲಿಲ್ಲ. ಅವಳು ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಕೂತಳು. ರಂಗಮ್ಮ ಒಬ್ಬಳೇ ದಬರಿ ಎಳೆದಾಡುವ ಸದ್ದು ಒಳಗಿನಿಂದ ಬರುತ್ತಿತ್ತು. ಬೆಳಗಿನಿಂದ ಒಂದು ಸಲವೂ ಅವಳು ಹೊರಗೆ ತಲೆ ಹಾಕಿರಲಿಲ್ಲ. ಊಟದ ಬೆಲ್ ಆಯಿತು. ಮಕ್ಕಳು ಉಂಡು, ಕೈ ತೊಳೆದು, ಮರದ ಕಡೆ ಕದ್ದು ನೋಡುತ್ತ ಒಳಗೆ ಹೋದರು.

ಆಮೇಲೆ ರಂಗಮ್ಮ ಬಂದಳು. ಕೈಯಲ್ಲಿ ತಟ್ಟೆ ಇತ್ತು. ಕಲ್ಲಿಗೆ ನಾಲ್ಕು ಹೆಜ್ಜೆ ಇರುವಾಗ ನಿಂತುಬಿಟ್ಟಳು. ನೆಲ ನೋಡಿದಳು, ತಟ್ಟೆ ಇಡಲು ಜಾಗ ಹುಡುಕುವವಳ ಹಾಗೆ. ಒಂದೂವರೆ ವರ್ಷ ಸವರಿಯಮ್ಮ ಕನಸಿನಲ್ಲಿ ಕಂಡು ಬೆವತು ಎದ್ದದ್ದು ಇದನ್ನೇ.

"ಹನ್ನೊಂದು ವರ್ಸ ನಿನ್ ತಟ್ಟೇಲಿ ಉಂಡಿವ್ನಿ ಕಣೆ" ಎಂದಳು ರಂಗಮ್ಮ. ಜೋರು ಬಾಯಿ ಎಲ್ಲಿ ಹೋಗಿತ್ತೋ. "ಒಂದು ಮಾತು ಯೋಳ್ನಿಲ್ಲ ನೀನು. ಮನೇಲಿ ಮೊಮ್ಮಕ್ಳವೆ ನಂಗೂ. ಕೋಮಲ ಬಂದು ಎಲ್ಲ ಯೋಳುದ್ಲು, ಏನೂ ಆಗಲ್ಲ ಅಂತ. ಆದ್ರೂ ಕಾಲು ಮುಂದಕ್ಕೆ ಬತ್ತಾ ಇಲ್ಲ. ನಂಗೆ ಭಯ ಆಯ್ತದೆ."

ಎಂಟು ವರ್ಷದ ಹುಡುಗಿಯೊಬ್ಬಳು ಕೋಲು ಹಿಡಿದು ನಿಂತಂತೆ ಸವರಿಯಮ್ಮನಿಗೆ ಕಂಡಿತು. ಆ ಹುಡುಗಿಗೂ ಹೀಗೇ ಭಯವಾಗಿತ್ತು. ಕೆಟ್ಟವಳಾಗಿರಲಿಲ್ಲ. ಅತ್ತೆಗೆ ಅದು ಗೊತ್ತಿದ್ದಿರಬೇಕು, ಅದಕ್ಕೇ ಯಾರಿಗೂ ಹೇಳದೆ ಹೋದಳು. ಇಷ್ಟು ವರ್ಷ ಕಿವಿಯಲ್ಲೇ ಇದ್ದ, ಅಲ್ಲೇ ಇಡು ಎಂಬ ಅತ್ತೆಯ ಮಾತಿಗೆ ಈಗ ಅರ್ಥ ಬಂತು. ಸವರಿಯಮ್ಮ ಕಲ್ಲಿನಿಂದ ಏಳಲಿಲ್ಲ. ಅಂಗೈ ಮೇಲೆ ಮಾಡಿ ಮಡಿಲಲ್ಲಿಟ್ಟುಕೊಂಡಳು.

"ನಿಂಗೆ ಯೋಳ್ದೆ ಇದ್ದದ್ದು ನನ್ ತಪ್ಪೇಯ. ಭಯ ಆದ್ರೆ ಬ್ಯಾಡ ಕಣಕ್ಕ. ಅಲ್ಲೇ ಇಟ್ಬುಡು, ನಾನು ತಕತೀನಿ. ನಾನಿಲ್ಲೇ ಇರ್ತೀನಿ."

ರಂಗಮ್ಮ ನಿಂತೇ ಇದ್ದಳು. ತಟ್ಟೆಯ ಅಂಚಿನಿಂದ ಸಾರು ತುಳುಕಿ ಅವಳ ಹೆಬ್ಬೆರಳಿನ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ. ಒಳಗೆ ಮಕ್ಕಳು ಮಗ್ಗಿ ಹೇಳಲು ಶುರುಮಾಡಿದರು. ಎರಡರ ಮಗ್ಗಿ ಮುಗಿದು ಮೂರರದ್ದು ಅರ್ಧ ಆಗಿತ್ತು. ಅವಳು ಒಂದು ಹೆಜ್ಜೆ ಇಟ್ಟಳು, ನಿಂತಳು, ಇನ್ನೊಂದು ಇಟ್ಟಳು. ಮುಖ ಬೇರೆ ಕಡೆ ತಿರುಗಿಸಿಕೊಂಡು, ಕಹಿ ಔಷಧಿ ಕುಡಿಯುವವಳ ಹಾಗೆ ಕಣ್ಣು ಮುಚ್ಚಿ ತಟ್ಟೆಯನ್ನು ಆ ಕೈಗೆ ಇಟ್ಟಳು. ಬೆರಳಿಗೆ ಬೆರಳು ತಗಲಿತು. ಎಳೆದುಕೊಳ್ಳಲಿಲ್ಲ.

"ಸಾರು ಬಿಸಿ ಅದೆ" ಎಂದಳು, ಮುಖ ತಿರುಗಿಸದೆಯೇ. "ನಿಂಗೆ ಗೊತ್ತಾಗಲ್ಲ, ಆರಿಸ್ಕಂಡು ಉಣ್ಣು."

"ಕೈಗೆ ಗೊತ್ತಾಯ್ತದೆ ಕಣಕ್ಕ" ಎಂದಳು ಸವರಿಯಮ್ಮ.